ಆಸ್ಪತ್ರೆಗೆ ಮುಂಚೆ ಆಧಾರ್ ನೋಡಿ



ಹಿರಿಯರು ಹಾಸಿಗೆ ಹಿಡಿದರೆ ಕೂಲಿ ಮನೆಯ ಒಡವೆ ಸಾಹುಕಾರನ ಪೆಟ್ಟಿಗೆ ಸೇರುತ್ತದೆ. ಕಲ್ಹೇರ್ ಸೀಮೆಯ ನಾವು ಅದಕ್ಕೆ ಮುಂಚೆ ನಮ್ಮ ಹಕ್ಕು ತಿಳಿಯಬೇಕು.

ತೆಲಂಗಾಣದ ಆರೋಗ್ಯಶ್ರೀ ಮಿತಿಯನ್ನು 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಲಾಯಿತು. ಕೇಂದ್ರದ ಆಯುಷ್ಮಾನ್ ಯೋಜನೆ 2024ರ ಅಕ್ಟೋಬರಿನಿಂದ 70 ತುಂಬಿದವರ ಆದಾಯ ಕೇಳುವುದಿಲ್ಲ. ಆಧಾರಿನಲ್ಲಿರುವ ವಯಸ್ಸೇ ಸಾಕ್ಷಿ. ಅದು ತಪ್ಪಿದ್ದರೆ ಈಗಲೇ ತಿದ್ದಿಸಿರಿ. ನರ್ಸಿಂಗ್ ಹೋಮಿಗೆ ಸೇರಿಸುವ ಮುಂಚೆ, ಅದು ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಕೇಳಿರಿ.

ಆದರೆ ಈ ಕಾರ್ಡುಗಳು ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ. ತಿಂಗಳುಗಟ್ಟಲೆ ಮಲಗಿದವರ ಆರೈಕೆಗೆ ಹಣ ಕೊಡುವುದಿಲ್ಲ. ಆ ಹೊರೆ ಹೊತ್ತ ಹೆಣ್ಣುಮಗಳು ದಿನಗೂಲಿ ಕಳೆದುಕೊಳ್ಳುತ್ತಾಳೆ. ಅದಕ್ಕೂ ಸರ್ಕಾರದ ನೆರವು ಬೇಕೆಂದು ನಾವು ಒಟ್ಟಾಗಿ ಕೇಳೋಣ.