ಹೊಸ ಚಿತ್ರಕ್ಕೆ ಹಳೆಯ ಪಾತ್ರೆ

ಮದುವೆಯಾದ ಮೇಲೆ ಛಾಯಾಗ್ರಾಹಕನು ತಂದುಕೊಡುವ ಚೆಂದದ ಆಲ್ಬಮ್ಮಿನ ಹಿಂದೆ, ಮನೆಮಂದಿ ಸಾಮಾನ್ಯವಾಗಿ ನೋಡದ ಇನ್ನೊಂದು ಸಂಗ್ರಹವಿರುತ್ತದೆ. ಅವೇ ‘ರಾ’ ಫೈಲುಗಳು. ರಾ ಎಂದರೆ ಹಸಿ, ಬೇಯಿಸದುದು. ಹಿಂದಿನ ಕಾಲದ ನೆಗೆಟಿವ್‌ಗಳಿಗೆ ಇದ್ದ ಸ್ಥಾನವೇ ಇವುಗಳದು. ಕೇಳಿ ಪಡೆದು, ಡಿಸ್ಕಿಗೆ ಹಾಕಿಸಿ, ಬೀರುವಿನಲ್ಲಿ ಭದ್ರವಾಗಿಟ್ಟ ಕುಟುಂಬಗಳೂ ಉಂಟು. ಆದರೆ ಮೂವತ್ತು ವರ್ಷಗಳ ಅನಂತರ ಮೊಮ್ಮಗಳು ತೆರೆಯಹೋದರೆ ಆ ಫೈಲು ತೆರೆದೀತೆ?

ಅದರಲ್ಲಿರುವುದು ನಿಜಕ್ಕೂ ಚಿತ್ರವಲ್ಲ, ಬರಿಯ ಅಂಕಿಗಳು. ಕ್ಯಾಮೆರಾದ ಬೆಳಕಿನ ಫಲಕವು ಬಣ್ಣವನ್ನರಿಯದು, ಬೆಳಕಿನ ಪ್ರಮಾಣವನ್ನಷ್ಟೇ ಅಳೆಯಬಲ್ಲುದು. ಆದುದರಿಂದ ಅದರ ಒಂದೊಂದು ಬಿಂದುವಿನ ಮೇಲೂ ಒಂದೊಂದು ಬಣ್ಣದ ತೆಳುಪರದೆಯನ್ನು ಹೊದಿಸಿರುತ್ತಾರೆ: ನಾಲ್ಕು ಬಿಂದುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಯೋಜಿಸಿದ ಈ ಏರ್ಪಾಟಿಗೆ ೧೯೭೬ರಲ್ಲಿ ಪೇಟೆಂಟ್ ದೊರೆಯಿತು. ಪ್ರತಿಯೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದೆರಡನ್ನು ನೆರೆಹೊರೆಯ ಬಿಂದುಗಳಿಂದ ಊಹಿಸಬೇಕು. ಎಂದರೆ, ನಾವು ಕಂಡು ಮೆಚ್ಚುವ ವಧುವಿನ ಸೀರೆಯ ಬಣ್ಣದಲ್ಲಿ ಮೂರರಲ್ಲೆರಡು ಪಾಲು ಲೆಕ್ಕಾಚಾರದ ಊಹೆ! ಹಸಿ ಫೈಲನ್ನು ಚಿತ್ರವಾಗಿ ಪರಿವರ್ತಿಸುವುದೆಂದರೆ ಈ ಊಹೆಗಳನ್ನು ಮಾಡಿ ಮುಗಿಸುವುದೇ.

ತೊಡಕು ಇರುವುದು ಬೇರೆಡೆ. ಈ ಅಂಕಿಗಳನ್ನು ನಿಕಾನ್ ಒಂದು ಬಗೆಯಾಗಿ ಬರೆದರೆ ಕ್ಯಾನನ್ ಇನ್ನೊಂದು ಬಗೆಯಾಗಿ, ಸೋನಿ ಮತ್ತೊಂದು ಬಗೆಯಾಗಿ ಬರೆಯುತ್ತದೆ. ೨೦೦೫ರಲ್ಲಿ ನಿಕಾನಿನ ಡಿ೨ಎಕ್ಸ್ ಕ್ಯಾಮೆರಾದ ಫೈಲುಗಳಲ್ಲಿ ಬಿಳಿಬಣ್ಣದ ಹೊಂದಾಣಿಕೆಯ ಅಂಕಿಗಳು ಗೂಢಲಿಪಿಯಲ್ಲಿವೆಯೆಂಬುದು ಬೆಳಕಿಗೆ ಬಂದು ದೊಡ್ಡ ಗದ್ದಲವೇ ಆಯಿತು. ತಾನು ತೆಗೆದ ಚಿತ್ರದ ಬೀಗದ ಕೈ ಪರರ ಕೈಯಲ್ಲಿದ್ದರೆ ಯಾರಿಗೆ ತಾನೆ ಸಿಟ್ಟು ಬಾರದು?

ಆ ಗೂಢಲಿಪಿಯನ್ನು ಬಿಡಿಸಿದವನು ಅಮೆರಿಕದ ಡೇವ್ ಕಾಫಿನ್. ೧೯೯೭ರಿಂದ ೨೦೧೮ರ ವರೆಗೆ ಆತ ‘ಡಿಸಿರಾ’ ಎಂಬ ಒಂದೇ ಕಾರ್ಯಕ್ರಮವನ್ನು ತಿದ್ದುತ್ತ, ನೂರಾರು ಕ್ಯಾಮೆರಾಗಳ ಫೈಲುಗಳನ್ನು ಓದಲು ಅದಕ್ಕೆ ಕಲಿಸಿದ. ಬೇಕಾದವರೆಲ್ಲ ಬಳಸಲೆಂದು ಬಿಟ್ಟುಕೊಟ್ಟ. ಇಂದು ಅದೇ ತಳಹದಿಯ ಮೇಲೆ ‘ಲಿಬ್‌ರಾ’ ನಡೆದಿದೆ.

ಹೊಸದರಲ್ಲಿ ಹೊಸದಾದ ಕ್ಯಾಮೆರಾದ ಚಿತ್ರವನ್ನು ಡಿಸಿರಾ ತಾನಾಗಿ ಬರೆಯುವುದು ಮಾತ್ರ ಪಿಪಿಎಂ ಎಂಬ ಹಳೆಯ ರೂಪದಲ್ಲಿ. ಜೆಫ್ ಪೊಸ್ಕಾನ್ಜರ್ ೧೯೮೦ರ ದಶಕದಲ್ಲಿ ಆರಂಭಿಸಿದ ಮನೆತನದ ಕುಡಿ ಅದು. ಮೊದಲು ‘ಪಿ೬’ ಎಂಬ ಗುರುತು. ಬಳಿಕ ಚಿತ್ರದ ಅಗಲ, ಎತ್ತರ. ಬಳಿಕ ಅತಿ ಹೆಚ್ಚಿನ ಬೆಲೆಯ ಅಂಕಿ. ಅಲ್ಲಿಂದ ಮುಂದೆ ಬಿಂದುವಿಗೆ ಮೂರರಂತೆ ಬಣ್ಣಗಳ ಸಾಲು. ಬೀಗವಿಲ್ಲ, ಅಡಕವಿಲ್ಲ, ಗುಟ್ಟಿಲ್ಲ. ಇದನ್ನು ಓದುವ ಕಾರ್ಯಕ್ರಮವನ್ನು ಜಾಣ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಬರೆದಾನು. ಬೀರುವಿನ ಡಿಸ್ಕಿಗೆ ಇದಕ್ಕಿಂತ ಒಳ್ಳೆಯ ಭರವಸೆ ಸಿಗುವುದು ಕಷ್ಟ.

ಬೆಲೆ ತೆರದೆ ದೊರೆಯುವುದಲ್ಲ, ಅನ್ನಿ. ೬,೦೦೦ ಬಿಂದು ಅಗಲ, ೪,೦೦೦ ಬಿಂದು ಎತ್ತರದ ಒಂದು ಚಿತ್ರ ಪಿಪಿಎಂ ಆದಾಗ ೭ ಕೋಟಿ ೨೦ ಲಕ್ಷ ಬೈಟುಗಳಷ್ಟು ಜಾಗವನ್ನು ನುಂಗುತ್ತದೆ. ೧೪ ಬಿಟ್‌ಗಳ ಹಸಿ ಫೈಲಿನಲ್ಲಿ ಬೆಳಕಿಗೆ ೧೬,೩೮೪ ಮೆಟ್ಟಿಲುಗಳಿದ್ದರೆ, ೮ ಬಿಟ್‌ಗಳ ಪಿಪಿಎಂನಲ್ಲಿ ಬಣ್ಣವೊಂದಕ್ಕೆ ೨೫೬ ಮಾತ್ರ. ಮಂಟಪದ ನೆರಳಿನಲ್ಲಿ ನಿಂತ ಅಜ್ಜಿಯ ಮುಖವನ್ನು ಮುಂದೆಂದಾದರೂ ಬೆಳಗಿಸಹೊರಟರೆ ಈ ನಷ್ಟ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ೧೬ ಬಿಟ್‌ಗಳಲ್ಲಿ ಬರೆಯೆಂದು ಆಜ್ಞಾಪಿಸಬಹುದು. ಆಗ ಜಾಗ ಇಮ್ಮಡಿ. ಜಾಗವೇನೋ ಅಗ್ಗ, ಅಜ್ಜಿಯ ಮುಖ ಮತ್ತೆ ಸಿಕ್ಕದು. ಹಾಗೆಂದು ಹಸಿ ಫೈಲನ್ನು ಎಸೆಯಲಾಗದು: ಊಹೆಯ ವಿಧಾನಗಳು ಸುಧಾರಿಸಿದಂತೆ ಅದರಿಂದಲೇ ಇನ್ನೂ ಒಳ್ಳೆಯ ಚಿತ್ರ ತೆಗೆಯಬಹುದಲ್ಲವೆ?

ಇನ್ನೊಂದು ಕೊರತೆಯುಂಟು. ಚಿತ್ರ ತೆಗೆದ ದಿನ, ವೇಳೆ, ಕ್ಯಾಮೆರಾದ ಹೆಸರು ಹಸಿ ಫೈಲಿನಲ್ಲಿರುತ್ತವೆ. ಪಿಪಿಎಂನಲ್ಲಿ ಅವಕ್ಕೆ ಗೊತ್ತಾದ ಎಡೆಯಿಲ್ಲ. ಆದರೆ ಅದರ ತಲೆಬರಹದಲ್ಲಿ ‘#’ ಗುರುತಿನಿಂದ ಮೊದಲಾಗುವ ಟಿಪ್ಪಣಿಯ ಸಾಲನ್ನು ಸೇರಿಸಬಹುದು. ಯಾವ ತಾರೀಖು, ಯಾರ ಮದುವೆ, ಅಜ್ಜಿಯ ಎಡಕ್ಕೆ ನಿಂತವರು ಯಾರು ಎಂಬುದಕ್ಕೆ ಆ ಸಾಲಿನಲ್ಲಿ ಸ್ಥಳ ಸಾಕು.