ಕಂಪನಿದು ಹಾಕ್ಲಾ, ಲೋಕಲ್ ಸಾಕಾ?

ಗೀಸರ್ ಬಿಚ್ಚಿ ಬಚ್ಚಲುಮನೆಯ ನೆಲದ ಮೇಲೆ ಹರವಿಕೊಂಡ ಮೆಕ್ಯಾನಿಕ್ ತಲೆಯೆತ್ತಿ ಕೇಳುತ್ತಾನೆ: "ಕಂಪನಿದು ಹಾಕ್ಲಾ ಮೇಡಂ, ಲೋಕಲ್ ಸಾಕಾ?" ಉತ್ತರ ಕೊಡಬೇಕಾದವರಿಗೆ ಎರಡು ಬೆಲೆ ಬಿಟ್ಟರೆ ಬೇರೇನೂ ತಿಳಿದಿರುವುದಿಲ್ಲ. ಕೈಯಲ್ಲಿ ಕಾಸಿದ್ದವರು ಕಂಪನಿದು ಅನ್ನುತ್ತಾರೆ, ತಿಂಗಳ ಕೊನೆಯಾಗಿದ್ದರೆ ಲೋಕಲ್ ಅನ್ನುತ್ತಾರೆ. ಬೆಲೆ ನೋಡುವ ಮುಂಚೆ ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಭಾಗ ಕೈಕೊಟ್ಟರೆ ಏನಾಗುತ್ತದೆ? ಯಂತ್ರ ಸುಮ್ಮನೆ ನಿಂತುಹೋಗುತ್ತದೆಯೋ, ಇಲ್ಲ ಕರೆಂಟು, ಬಿಸಿ, ಒತ್ತಡ, ಗ್ಯಾಸು ಮನೆಯವರ ಮೈಮೇಲೆ ಬರುತ್ತದೆಯೋ? ಸುಮ್ಮನೆ ನಿಲ್ಲುವುದಾದರೆ ಲೋಕಲ್ ಹಾಕಿಸಲು ಹಿಂಜರಿಯಬೇಕಿಲ್ಲ. ಮೈಮೇಲೆ ಬರುವುದಾದರೆ ಚೌಕಾಸಿ ಬೇಡ.

ಮೊದಲು ಅಂಗಡಿಯ ಮಾತನ್ನು ಬಿಡಿಸಿಕೊಳ್ಳೋಣ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಾಗಲಿ, ಹಲಸೂರಿನ ಬಜಾರ್ ಬೀದಿಯ ಕಡೆಯಾಗಲಿ ಮಿಕ್ಸಿ, ಕುಕ್ಕರ್, ಗೀಸರ್ ಸಾಮಾನು ಕೇಳಿದರೆ 'ಒರಿಜಿನಲ್', 'ಲೋಕಲ್', 'ಡೂಪ್ಲಿಕೇಟ್' ಎಂಬ ಮಾತುಗಳು ಒಟ್ಟೊಟ್ಟಿಗೆ ಬೀಳುತ್ತವೆ. "ಅದೇ ಫ್ಯಾಕ್ಟ್ರಿ ಮಾಲು ಸಾರ್, ಡಬ್ಬಿ ಮಾತ್ರ ಬೇರೆ" ಎಂಬ ಮಾತೂ ಬರುತ್ತದೆ. ಅದು ಯಾವಾಗಲೂ ಸುಳ್ಳಲ್ಲ. ವಾಷಿಂಗ್ ಮಷಿನ್ ಮಾಡುವ ಕಂಪನಿ ಅದರ ಪ್ರತಿ ಭಾಗವನ್ನೂ ತಾನೇ ಮಾಡುವುದಿಲ್ಲ. ಥರ್ಮೋಸ್ಟಾಟ್, ಕೆಪಾಸಿಟರ್, ನೀರಿನ ವಾಲ್ವ್, ಡ್ರೈನ್ ಪಂಪ್ ಇಂಥವನ್ನು ಅದಕ್ಕೆಂದೇ ಇರುವ ಕಾರ್ಖಾನೆಗಳಿಂದ ಕೊಳ್ಳುತ್ತದೆ. ಆ ಕಾರ್ಖಾನೆಗಳಲ್ಲಿ ಕೆಲವು ಅದೇ ಮಾಲನ್ನು ತಮ್ಮ ಹೆಸರಲ್ಲೂ ಮಾರುತ್ತವೆ.

ಹಾಗಾಗಿ ಅಂಗಡಿಯಲ್ಲಿ ನಿಜವಾಗಿ ಇರುವುದು ಮೂರು ಬಗೆ. ಕಂಪನಿಯ ಡಬ್ಬಿಯಲ್ಲಿ ಬರುವ ಭಾಗ ಒಂದು. ಬೇರೆ ತಯಾರಕ ತನ್ನದೇ ಹೆಸರು, ವಿಳಾಸ ಹಾಕಿ 'ಇಂಥ ಮಾಡೆಲ್‌ಗೆ ಹೊಂದುತ್ತದೆ' ಎಂದು ಮಾರುವ ಭಾಗ ಇನ್ನೊಂದು. ಕಂಪನಿಯ ಹೆಸರನ್ನೇ ಕದ್ದು ಒತ್ತಿದ ನಕಲಿ ಮೂರನೆಯದು. ಎರಡನೆಯದು ನ್ಯಾಯವಾದ ವ್ಯಾಪಾರ. ಮೂರನೆಯದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಕಾಣಿಸಬಲ್ಲ ಅಪರಾಧ. ನಾವು ಎರಡನ್ನೂ 'ಲೋಕಲ್' ಅಂದುಬಿಡುತ್ತೇವೆ, ಅಲ್ಲಿಂದಲೇ ಮೋಸ ಶುರುವಾಗುತ್ತದೆ. ಸ್ವಂತ ಹೆಸರು ಹಾಕಿದವನ ಮಾಲು ಕೆಟ್ಟರೆ ಹೋಗಿ ಕೇಳಲು ಒಂದು ವಿಳಾಸವಿದೆ. ನಕಲಿಯ ಮೇಲಿರುವುದು ಬೇರೆಯವರ ವಿಳಾಸ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಪ್ರಶ್ನೆ ಮತ್ತೆಮತ್ತೆ ಏಳುವುದಕ್ಕೆ ನೀರು ಕಾರಣ. ಶಿವಾಜಿನಗರ, ಹಲಸೂರುಗಳಿಗೆ ಕಾವೇರಿ ನೀರು ಬಂದು ದಶಕಗಳಾದವು. ಕೆ.ಆರ್. ಪುರ ದಾಟಿದರೆ ಕಥೆ ಬೇರೆ. ಅಲ್ಲಿ ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ ಅದು. ಸಂಪರ್ಕ ಸಿಗದ ಮನೆಗಳಲ್ಲಿ ಈಗಲೂ ಗಡಸು ನೀರೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರನ್ನು ಕಾಯಿಸಿದಾಗ ಸುಣ್ಣ ಬೇರ್ಪಟ್ಟು ಗೀಸರಿನ ಕಾಯಿಲ್ ಮೇಲೆ ಕೂರುತ್ತದೆ. ಸುಣ್ಣದ ಪದರ ಬಿಸಿಯನ್ನು ನೀರಿಗೆ ಬಿಟ್ಟುಕೊಡುವುದಿಲ್ಲ, ಕಾಯಿಲ್ ಒಳಗೊಳಗೇ ಕಾದು ಒಂದು ದಿನ ಸೀಳುತ್ತದೆ. ಅದೇ ಮಾಡೆಲಿನ ಗೀಸರ್ ಹಲಸೂರಿನಲ್ಲಿ ಬಾಳಿದಷ್ಟು ಕಾಲ ಕೆ.ಆರ್. ಪುರದ ಕಡೆಯ ಟಿ.ಸಿ. ಪಾಳ್ಯದಲ್ಲಿ ಬಾಳದೇ ಇದ್ದರೆ ಅಚ್ಚರಿಯಿಲ್ಲ.

ಗೀಸರನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಕೆಟ್ಟರೆ ಸುಮ್ಮನೆ ನಿಲ್ಲುವ, ಮೈಮೇಲೆ ಬರುವ ಎರಡೂ ಜಾತಿಯ ಭಾಗಗಳು ಅದೊಂದರಲ್ಲೇ ಇವೆ. ಕೆಳಗಿನ ಮುಚ್ಚಳ ತೆಗೆದರೆ ನಾಲ್ಕು ಮುಖ್ಯ ವಸ್ತು ಕಾಣುತ್ತವೆ: ಕಾಯಿಲ್, ಅದರ ಪಕ್ಕದಲ್ಲಿ ಟ್ಯಾಂಕಿನೊಳಕ್ಕೆ ಚಾಚಿದ ಮೆಗ್ನೀಷಿಯಂ ರಾಡ್, ಥರ್ಮೋಸ್ಟಾಟ್, ಮತ್ತು ಕಟ್‌ಔಟ್. ತಣ್ಣೀರು ಒಳಬರುವ ಪೈಪಿನ ಬಾಯಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ.

ಮೆಗ್ನೀಷಿಯಂ ರಾಡ್ ಇರುವುದೇ ಸವೆಯುವುದಕ್ಕೆ. ನೀರಿನಲ್ಲಿರುವ ಲವಣ ಟ್ಯಾಂಕಿನ ಕಬ್ಬಿಣವನ್ನು ತಿನ್ನುವ ಬದಲು ಈ ರಾಡನ್ನು ತಿನ್ನಲಿ ಎಂದು ಅದನ್ನು ಇಟ್ಟಿರುತ್ತಾರೆ. ಅದು ಪೂರ್ತಿ ಕರಗಿದ ಮೇಲೆ ಟ್ಯಾಂಕ್ ತೂತು ಬೀಳುತ್ತದೆ. ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡುವುದು ಒಳ್ಳೆಯದು. ಸಾಫ್ಟನರ್ ಹಾಕಿಸಿದ ಅಪಾರ್ಟ್‌ಮೆಂಟಿನವರು ನಿಶ್ಚಿಂತೆಯಿಂದ ಇರುತ್ತಾರೆ, ಆದರೆ ಸಾಫ್ಟನರ್ ನೀರಿನಲ್ಲಿ ಸೋಡಿಯಂ ಹೆಚ್ಚಿ ರಾಡ್ ಇನ್ನೂ ಬೇಗ ಕರಗಬಹುದು. ಈ ರಾಡನ್ನು ಲೋಕಲ್ ತಂದರೂ ಚಿಂತೆಯಿಲ್ಲ. ಉದ್ದ, ದಪ್ಪ, ತಿರುಪಿನ ಸುತ್ತಿನ (ಥ್ರೆಡ್) ಅಳತೆ ಹಳೆಯದಕ್ಕೆ ಹೊಂದಬೇಕು, ಅದು ಮೆಗ್ನೀಷಿಯಮ್ಮೇ ಆಗಿರಬೇಕು, ಅಷ್ಟೆ.

ಕಾಯಿಲ್ ನಡುವಿನದು. ಒಳ್ಳೆಯ ತಯಾರಕನ ಕಾಯಿಲ್ ಕಂಪನಿಯದಕ್ಕೆ ಕಮ್ಮಿಯೇನಿಲ್ಲ. ಕೌಂಟರಿನ ಮೇಲೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಒಳ್ಳೆಯದರ ಫ್ಲಾಂಜ್ (ಟ್ಯಾಂಕಿಗೆ ಕೂರಿಸುವ ತಟ್ಟೆ) ದಪ್ಪ, ಕೊಳವೆ ಫ್ಲಾಂಜಿಗೆ ಸೇರುವ ಜಾಗದಲ್ಲಿ ಬೆಸುಗೆ ಸುತ್ತಲೂ ಒಂದೇ ಸಮ, ವ್ಯಾಟ್ ಮತ್ತು ವೋಲ್ಟೇಜ್ ಲೋಹದಲ್ಲೇ ಕೆತ್ತಿರುತ್ತದೆ. ಕಳಪೆಯದರಲ್ಲಿ 2000 ವ್ಯಾಟ್ ಎಂಬುದು ಉಗುರಿನಲ್ಲಿ ಕೆರೆದರೆ ಹೋಗುವ ಶಾಯಿ. ಬೆಸುಗೆ ಬಿಟ್ಟರೆ ಕರೆಂಟು ನೀರಿಗೆ ಇಳಿಯುತ್ತದೆ. ಆದ್ದರಿಂದ ಯಾವ ಕಾಯಿಲ್ ಹಾಕಿಸಿದರೂ ಅರ್ಥಿಂಗ್ ಸರಿಯಿದೆಯೇ, ಕರೆಂಟು ಸೋರಿದರೆ ಕಡಿದುಹಾಕುವ ಇಎಲ್‌ಸಿಬಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಸಬೇಕು.

ಥರ್ಮೋಸ್ಟಾಟ್, ಕಟ್‌ಔಟ್, ಸೇಫ್ಟಿ ವಾಲ್ವ್ ಈ ಮೂರರಲ್ಲಿ ರಾಜಿ ಬೇಡ. ನೀರು ಸಾಕಷ್ಟು ಕಾದಾಗ ಥರ್ಮೋಸ್ಟಾಟ್ ಕರೆಂಟು ನಿಲ್ಲಿಸುತ್ತದೆ. ಅದು ಅಂಟಿಕೊಂಡರೆ ಕಟ್‌ಔಟ್ ನಿಲ್ಲಿಸುತ್ತದೆ. ಅದೂ ಕೈಕೊಟ್ಟರೆ ಒಳಗಿನ ಒತ್ತಡ ಏರಿ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಸಾಮಾನ್ಯವಾಗಿ 8 ಬಾರ್ ಆಸುಪಾಸಿನಲ್ಲಿ. ಮೂರೂ ಸೋತರೆ ನೂರು ಡಿಗ್ರಿ ಮೀರಿ ಕಾದ ನೀರು ಟ್ಯಾಂಕನ್ನು ಸೀಳಿಕೊಂಡು ಒಮ್ಮೆಲೇ ಆವಿಯಾಗುತ್ತದೆ, ಆವಿಗೆ ನೀರಿನ ಸಾವಿರದಾರುನೂರು ಪಟ್ಟು ಜಾಗ ಬೇಕು. ಬಚ್ಚಲುಮನೆಯ ಗೋಡೆ ತಡೆಯುವ ಪೆಟ್ಟಲ್ಲ ಅದು.

ಇಲ್ಲಿ ಲೋಕಲ್ ಭಾಗಕ್ಕಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇನ್ನೊಂದು ಪದ್ಧತಿ. ಕಟ್‌ಔಟ್ ಪದೇಪದೇ ಬೀಳುತ್ತಿದ್ದರೆ ಕೆಲವರು "ಡೈರೆಕ್ಟ್ ಮಾಡಿಬಿಡ್ತೀನಿ ಬಿಡಿ" ಎಂದು ಅದರ ಎರಡು ವೈರುಗಳನ್ನು ಸೇರಿಸಿ ಟೇಪು ಸುತ್ತಿಬಿಡುತ್ತಾರೆ. ನೀರು ಕಾಯುತ್ತದೆ, ರಿಪೇರಿ ಬಿಲ್ಲೂ ಕಡಿಮೆ, ಮನೆಯವರಿಗೂ ಖುಷಿ. ಆದರೆ ಕಟ್‌ಔಟ್ ಬೀಳುತ್ತಿದ್ದದ್ದು ಥರ್ಮೋಸ್ಟಾಟ್ ಕೆಟ್ಟಿದೆ ಅಥವಾ ಕಾಯಿಲ್ ಸುಣ್ಣದಲ್ಲಿ ಹೂತಿದೆ ಎಂದು ಹೇಳಲಿಕ್ಕೆ. ಡೈರೆಕ್ಟ್ ಅಂದ ಕೂಡಲೇ ಬೇಡ ಅನ್ನಿ, ಹೊಸ ಭಾಗ ಸಿಗುವವರೆಗೆ ಸ್ವಿಚ್ಚೇ ಹಾಕಬೇಡಿ.

ಪ್ರೆಶರ್ ಕುಕ್ಕರಿನ ಲೆಕ್ಕವೂ ಇದೇ. ಹಿಡಿಯ ಸ್ಕ್ರೂ ಎಲ್ಲಿಯದಾದರೂ ಆಗಲಿ. ಸೇಫ್ಟಿ ವಾಲ್ವಿನೊಳಗೆ ನಿಗದಿತ ಬಿಸಿಗೆ ಕರಗುವ ಮಿಶ್ರಲೋಹವಿರುತ್ತದೆ, ಯಾವ ಬಿಸಿಗೆ ಕರಗಬೇಕು ಎಂಬುದರ ಮೇಲೆ ಅಡುಗೆಮನೆಯಲ್ಲಿರುವವರ ಜೀವ ನಿಂತಿದೆ. ಕೆಲವು ಕುಕ್ಕರುಗಳಲ್ಲಿ ಒತ್ತಡ ಮೀರಿದಾಗ ಗ್ಯಾಸ್ಕೆಟ್ಟೇ ಮುಚ್ಚಳದ ಕಿಂಡಿಯಿಂದ ಹೊರಬಂದು ಹಬೆ ಬಿಡುತ್ತದೆ. ಅಂಥದಕ್ಕೆ ಗಟ್ಟಿ ರಬ್ಬರಿನ ಗ್ಯಾಸ್ಕೆಟ್ ಹಾಕಿದರೆ ಆ ದಾರಿ ಮುಚ್ಚಿದಂತೆ. ಮನೆಬಳಕೆಯ ಪ್ರೆಶರ್ ಕುಕ್ಕರಿಗೆ 2021ರ ಫೆಬ್ರವರಿಯಿಂದ ಐಎಸ್‌ಐ ಮುದ್ರೆ ಕಡ್ಡಾಯ. ಆ ನಿಯಮಕ್ಕೆ ಹೊಂದದ ಕುಕ್ಕರುಗಳನ್ನು ತನ್ನ ತಾಣದಲ್ಲಿ ಮಾರಲು ಬಿಟ್ಟದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟ್‌ನಲ್ಲಿ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ಹಾಕಿ, 2,265 ಕುಕ್ಕರ್ ಕೊಂಡವರಿಗೆ ವಿಷಯ ತಿಳಿಸಿ ಹಣ ಹಿಂತಿರುಗಿಸಲು ಆದೇಶಿಸಿತು. ಗ್ಯಾಸ್ ಸ್ಟೌವಿನ ರಬ್ಬರ್ ಟ್ಯೂಬಿಗೂ ಐಎಸ್‌ಐ ಗುರುತು ನೋಡಲೇಬೇಕು. 'ಸುರಕ್ಷಾ' ಹೆಸರಿನ ಗ್ಯಾಸ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಐಎಸ್‌ಐ ಮುದ್ರೆಯ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಂಗಡಿಯ ಮುಂದೆ ನಿಂತೇ ನೋಡಬಹುದು.

ಮಿಕ್ಸಿಯಲ್ಲಿ ಹೆಚ್ಚು ಕೆಡುವುದು ಮೋಟಾರನ್ನು ಜಾರಿಗೆ ಜೋಡಿಸುವ ಕಪ್ಲರ್. ಜಾರಿನಲ್ಲಿ ಬ್ಲೇಡು ಸಿಕ್ಕಿಕೊಂಡಾಗ ಮೋಟಾರ್ ಸುಡುವ ಬದಲು ತಾನು ಮುರಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಇದು ಧಾರಾಳವಾಗಿ ಲೋಕಲ್ ಹಾಕಿಸಬಹುದಾದ ಭಾಗ. ಆದರೆ "ಇದು ಸ್ಟ್ರಾಂಗ್ ಅಮ್ಮ, ಜನ್ಮದಲ್ಲಿ ಮುರಿಯಲ್ಲ" ಎಂದು ಕೊಟ್ಟ ಗಟ್ಟಿ ಕಪ್ಲರ್ ಬೇಡ. ಅದು ಮುರಿಯದಿದ್ದರೆ ಪೆಟ್ಟು ಮೋಟಾರಿಗೆ. ಫ್ಯಾನಿನ ಕೆಪಾಸಿಟರ್ ಕೂಡ ಹೀಗೆಯೇ. ಹಳೆಯದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದಿದ್ದರೆ ಅದನ್ನೇ ತನ್ನಿ, ಜೋರಾಗಿ ತಿರುಗಲಿ ಎಂದು ಹೆಚ್ಚಿನದನ್ನು ಹಾಕಿಸಿದರೆ ವೈಂಡಿಂಗ್ ಕಾಯುತ್ತದೆ.

ನೀರಿನ ಆರ್‌ಓ ಯಂತ್ರದವರು ಮಾತ್ರ ಬಿಡಿಭಾಗದ ವಿಷಯದಲ್ಲಿ ಜನರನ್ನು ಅಗತ್ಯಕ್ಕಿಂತ ಹೆಚ್ಚು ಹೆದರಿಸುತ್ತಾರೆ. ಮನೆಬಳಕೆಯ ಬಹುಪಾಲು ಯಂತ್ರಗಳಲ್ಲಿ ಲವಣ ಸೋಸುವ ಮೆಂಬ್ರೇನ್ ಒಂದೇ ಪ್ರಮಾಣಿತ ಅಳತೆಯದು. ಅದನ್ನು ಪರೀಕ್ಷಿಸುವುದಕ್ಕೂ ಸುಲಭ ದಾರಿಯಿದೆ. ನೀರಿನಲ್ಲಿ ಕರಗಿದ ಲವಣ ತೋರಿಸುವ, ಪೆನ್ನಿನಷ್ಟಿರುವ ಟಿಡಿಎಸ್ ಮೀಟರಿನಲ್ಲಿ ಒಳಹೋಗುವ ನೀರು, ಮೆಂಬ್ರೇನಿನಿಂದ ನೇರ ಹೊರಬರುವ ನೀರು ಎರಡನ್ನೂ ಅಳೆಯಿರಿ. ಹತ್ತರಲ್ಲಿ ಒಂಬತ್ತು ಪಾಲು ಲವಣ ಇಳಿದಿದ್ದರೆ ಡಬ್ಬಿಯ ಮೇಲಿನ ಹೆಸರು ಯಾವುದಾದರೇನು?

ಫ್ರಿಜ್ಜಿನಲ್ಲಿ ಎಚ್ಚರ ಬೇಕು. ಒಳಗಿನ ಅಥವಾ ಹಿಂದಿನ ಲೇಬಲ್ ಓದಿ. ಆರ್600ಎ ಎಂದಿದ್ದರೆ ಅದರಲ್ಲಿರುವುದು ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಜಾತಿಯದು, ಹತ್ತಿಕೊಳ್ಳುತ್ತದೆ. ಅಂಥ ಫ್ರಿಜ್ಜಿನ ರಿಲೇ, ಥರ್ಮೋಸ್ಟಾಟ್‌ಗಳಿಂದ ಕಿಡಿ ಹೊರಬರದಂತೆ ಮಾಡಿರುತ್ತಾರೆ. 'ಸೆಟ್ ಆಗುತ್ತೆ' ಎಂದು ಹಳೆ ಕಾಲದ ರಿಲೇ ತಂದು ಕೂರಿಸುವ ಜಾಗವಲ್ಲ ಅದು. ಬಾಗಿಲಿನ ಗ್ಯಾಸ್ಕೆಟ್ ಮಾತ್ರ ಅಳತೆಗೆ ಮಾಡಿಸಿದ್ದೂ ಆದೀತು.

ಹೊಸ ಲೋಕಲ್‌ಗಿಂತ ಹಳೆಯ ಒರಿಜಿನಲ್ ಮೇಲು ಎನ್ನುವ ಸಂದರ್ಭವೂ ಉಂಟು. ಶಿವಾಜಿನಗರದ ಗುಜರಿ ಹೆಸರಾದದ್ದು ಕಾರು, ಬೈಕಿನ ಭಾಗಗಳಿಗೆ, ಆದರೆ ಅದೇ ಬುದ್ಧಿ ಮನೆಯ ಯಂತ್ರಗಳಿಗೂ ನಡೆಯುತ್ತದೆ. ವಾಷಿಂಗ್ ಮಷಿನ್ನಿನ ಸರ್ಕ್ಯೂಟ್ ಬೋರ್ಡು ಆಯಾ ಮಾಡೆಲ್ಲಿಗೆ ಬರೆದ ಪ್ರೋಗ್ರಾಮಿನ ಮೇಲೆ ನಡೆಯುವಂಥದು, ಕಂಪನಿ ಆ ಮಾಡೆಲ್ ನಿಲ್ಲಿಸಿದ್ದರೆ ಹೊಸದು ಸಿಗುವುದಿಲ್ಲ. ಬಿಚ್ಚಿದ ಮಷಿನ್ನಿನಿಂದ ತೆಗೆದ ಬೋರ್ಡು ಆಗ ಒಳ್ಳೆಯ ಆಯ್ಕೆ. ರಬ್ಬರು, ಕೆಪಾಸಿಟರ್, ಕಾಯಿಲ್, ವಾಲ್ವುಗಳನ್ನು ಮಾತ್ರ ಗುಜರಿಯಿಂದ ತರಬಾರದು, ಅವು ಆಗಲೇ ಅರ್ಧ ಆಯುಸ್ಸು ಕಳೆದಿರುತ್ತವೆ.

ಇಷ್ಟೆಲ್ಲ ಹೊರೆ ಗ್ರಾಹಕನ ತಲೆಗೆ ಬಿದ್ದಿರುವುದು ಸರಿಯಲ್ಲ. ಬಿಡಿಭಾಗವನ್ನು ಹೊರಗಿನ ಮೆಕ್ಯಾನಿಕ್‌ಗೆ ಮಾರುವುದಿಲ್ಲ, ಸಣ್ಣ ಸ್ಪ್ರಿಂಗ್ ಮುರಿದರೂ ಇಡೀ ಮುಚ್ಚಳವನ್ನೇ ಕೊಳ್ಳಬೇಕು ಎನ್ನುವ ಕಂಪನಿಗಳೇ ನಕಲಿ ಮಾಲಿಗೆ ಗಿರಾಕಿ ಒದಗಿಸುತ್ತಿವೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳನ್ನು ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಎನ್ನುವಂತಿಲ್ಲ ಎಂದೂ ಹೇಳಿತು. ದಂಡದ ಮೊತ್ತ ಮೇಲ್ಮನವಿಗೆ ಹೋಯಿತು, ಆದರೆ ಆ ತರ್ಕ ಕಾರಿಗೆ ನ್ಯಾಯವಾದರೆ ವಾಷಿಂಗ್ ಮಷಿನ್ನಿಗೆ ಏಕಲ್ಲ? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ರಿಪೇರಿಗೆ ಎಷ್ಟು ಸುಲಭ ಎಂದು ವಸ್ತುವಿನ ಮೇಲೇ ಅಂಕ ನಮೂದಿಸುವ ಬಗ್ಗೆ ಸಮಿತಿಯ ವರದಿ 2025ರ ಮೇ ತಿಂಗಳಲ್ಲಿ ಬಂತು. ಅದು ಮೊದಲಿಗೆ ಮುಟ್ಟಿರುವುದು ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳನ್ನು. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದಲೇ ಫ್ರಿಜ್ಜಿನ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ 7 ವರ್ಷ, ವಾಷಿಂಗ್ ಮಷಿನ್ನಿನವನ್ನು 10 ವರ್ಷ ಒದಗಿಸುವುದು ತಯಾರಕರ ಹೊಣೆ. ಅಲ್ಲಿ ಮಾರುವ ಕಂಪನಿಗಳಲ್ಲಿ ಹಲವು ಇಂದಿರಾನಗರದ ನೂರಡಿ ರಸ್ತೆಯ ಷೋರೂಮುಗಳಲ್ಲೂ ಮಾರುತ್ತವೆ.

ನಮ್ಮಲ್ಲಿ ಅಂಥ ನಿಯಮ ಬರುವವರೆಗೆ, ಕೊಳ್ಳುವ ದಿನವೇ ಷೋರೂಮಿನಲ್ಲಿ ಈ ಮಾಡೆಲ್ಲಿನ ಸ್ಪೇರ್ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಕೇಳಿ. ರಿಪೇರಿಯ ದಿನ ಬಿಲ್ಲಿನಲ್ಲಿ ಭಾಗದ ಹೆಸರು, ತಯಾರಕನ ಹೆಸರು ಬರೆಸಿ. ತೆಗೆದ ಹಳೆಯ ಭಾಗವನ್ನು ಮೆಕ್ಯಾನಿಕ್ ಕೈಯಿಂದ ವಾಪಸು ಪಡೆಯಿರಿ. ಪ್ಯಾಕೆಟಿನ ಮೇಲೆ ಎಂಆರ್‌ಪಿ, ತಯಾರಕ ಅಥವಾ ಆಮದುದಾರನ ವಿಳಾಸ, ತಿಂಗಳು-ವರ್ಷ ಇರಬೇಕೆಂದು ಕಾನೂನೇ ಹೇಳುತ್ತದೆ, ಇಲ್ಲದ್ದನ್ನು ಬೇಡವೆನ್ನಿ. ಒರಿಜಿನಲ್ ಎಂದು ದುಡ್ಡು ತೆಗೆದುಕೊಂಡು ನಕಲಿ ಹಾಕಿದ್ದರೆ ಆ ಬಿಲ್ಲು ಮತ್ತು ಹಳೆಯ ಭಾಗ ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.