‘ಆರ್ಮಿ’ಗೆ ಫುಲ್ ಫಾರ್ಮ್ ಇಲ್ಲ

ಕಳೆದ ಎನ್‌ಸಿಸಿ ದಿನಕ್ಕೆ ಗೋಡೆಪತ್ರಿಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸೈನ್ಯದ ಪದಗಳನ್ನು ಮೊಬೈಲ್‌ನಲ್ಲಿ ಹುಡುಕಿ ದಪ್ಪ ಅಕ್ಷರದಲ್ಲಿ ಬರೆದೆ: ‘ಆರ್ಮಿ ಎಂದರೆ ಅಲರ್ಟ್ ರೆಗ್ಯುಲರ್ ಮೊಬಿಲಿಟಿ ಯಂಗ್’. ಓದಿದ ಇಂಗ್ಲಿಷ್ ಮೇಡಂ, “ಇದು ಎಲ್ಲಿ ಸಿಕ್ಕಿತು?” ಎಂದು ಕೇಳಿದರು. “ಮೂರು ವೆಬ್‌ಸೈಟ್‌ಗಳಲ್ಲಿ ಇದೆ ಮೇಡಂ” ಎಂದೆ. “ಮೂವರೂ ಒಬ್ಬರನ್ನೊಬ್ಬರು ನೋಡಿ ಬರೆದಿದ್ದರೆ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಲೈಬ್ರರಿಯಲ್ಲಿ ನಿಘಂಟು ತೆಗೆದು ನೋಡಿದೆ. ಆರ್ಮಿ ಫ್ರೆಂಚ್‌ನಿಂದ ಬಂದ ಪದ. ಅದರ ಬೇರು ಆಯುಧ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಇಂಗ್ಲಿಷ್‌ನಲ್ಲಿ ಅದು 14ನೇ ಶತಮಾನದಿಂದಲೇ ಇದೆ. ಮೊದಲಕ್ಷರಗಳನ್ನು ಜೋಡಿಸಿ ಪದ ಕಟ್ಟುವ ರೂಢಿ ಹಬ್ಬಿದ್ದು 20ನೇ ಶತಮಾನದಲ್ಲಿ. ‘ರೇಡಾರ್’ ಹಾಗೆ ಹುಟ್ಟಿದ್ದು ನಿಜ. 1940ರಲ್ಲಿ ಅಮೆರಿಕದ ನೌಕಾಪಡೆ ಬಳಕೆಗೆ ತಂದ ಹೆಸರದು. ಆದರೆ ‘ಎಸ್‌ಒಎಸ್’ ಅಂದರೆ ‘ಸೇವ್ ಅವರ್ ಸೋಲ್ಸ್’ ಅಲ್ಲ. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ ಎಂಬ ಮೋರ್ಸ್ ಸಂಕೇತ ಕಳಿಸಲು, ಗುರುತಿಸಲು ಸುಲಭವೆಂದು 1906ರ ಬರ್ಲಿನ್ ಒಪ್ಪಂದದಲ್ಲಿ ಅದನ್ನು ಸೇರಿಸಿದರು. ವಿಸ್ತರಣೆ ಆಮೇಲೆ ಅಂಟಿಸಿದ್ದು.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ಮಾತೇಕೆ ಎನ್ನಬಹುದು. ನನ್ನ ಪ್ರಕಾರ ನಷ್ಟ ಎರಡು. ಒಂದು, ಸುಳ್ಳು ಫುಲ್ ಫಾರ್ಮ್ ಉರು ಹೊಡೆಯುವ ಭರದಲ್ಲಿ ನಮ್ಮದೇ ಪದಗಳ ಕಥೆ ಮರೆಯಾಗುತ್ತದೆ. ಖಾಕಿ ಬಂದದ್ದು ‘ಖಾಕ್’ ಎಂಬ ಪಾರ್ಸಿ ಪದದಿಂದ. ಅರ್ಥ ಮಣ್ಣು, ಧೂಳು. ನಮ್ಮ ಸಿಪಾಯಿಯೇ ಇಂಗ್ಲಿಷರ ‘ಸೆಪಾಯ್’. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ತಮ್ಮ ತಾಯ್ನಾಡನ್ನು ‘ಬ್ಲೈಟಿ’ ಎನ್ನುತ್ತಿದ್ದರು. ಅದು ನಮ್ಮ ದಾದಿ ಹೇಳುವ ‘ವಿಲಾಯತಿ’ಯೇ! ಊರಿಗೆ ಮರಳುವಷ್ಟು ಗಾಯವಾದರೆ ಅದಕ್ಕೂ ‘ಬ್ಲೈಟಿ’ ಎಂದೇ ಹೆಸರು. ಒಂದು ಪದದಲ್ಲಿ ಎಷ್ಟು ದುಃಖ ಅಡಗಿದೆ ನೋಡಿ.

ಎರಡನೆಯದು ಇನ್ನೂ ದೊಡ್ಡದು. ಪದವೊಂದರ ಸುಳ್ಳು ವಿವರವನ್ನು ಪರೀಕ್ಷಿಸದೆ ಹಂಚುವ ಕೈ, ಯುದ್ಧದ ಸುಳ್ಳು ಸುದ್ದಿಯನ್ನೂ ಹಾಗೆಯೇ ಹಂಚುತ್ತದೆ. ಅಭ್ಯಾಸ ಒಂದೇ.

ಹಾಗೆಂದು ಇಂಟರ್ನೆಟ್ ಬಿಡಬೇಕಿಲ್ಲ. 1886ರ ಹಾಬ್ಸನ್-ಜಾಬ್ಸನ್ ನಿಘಂಟು, 1894ರ ಕಿಟೆಲ್ ನಿಘಂಟು ಎರಡೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಪದ ಮೊದಲು ಯಾವಾಗ ಬಳಕೆಯಾಯಿತು ಎಂದು ಕೇಳಿ. ಮೂರು ನಕಲು ಮೂರು ಸಾಕ್ಷಿಯಲ್ಲ ಎಂಬುದು ನೆನಪಿರಲಿ. ನಿಮ್ಮ ಮೊಹಲ್ಲಾದಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಬಳಿ ಕೂತು ಕೇಳಿ. ಯಾವ ವೆಬ್‌ಸೈಟಿನಲ್ಲೂ ಇಲ್ಲದ ಮಾತು ಅಲ್ಲಿ ಸಿಗುತ್ತದೆ.

ನನ್ನ ಗೋಡೆಪತ್ರಿಕೆಯಲ್ಲಿ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ‘ಖಾಕಿ’ಯ ಕಥೆ ಬರೆದೆ. ನಿಂತು ಓದಿದವರು ಅದನ್ನೇ ಹೆಚ್ಚು ಓದಿದರು.